ಬಾಂಬು ಸಿಡಿದ ಮೇಲಿನ ಹತ್ತು ದಿನ

1881ರ ಮಾರ್ಚ್ 13, ಭಾನುವಾರ. ಸೇಂಟ್ ಪೀಟರ್ಸ್‌ಬರ್ಗ್‌ನ ಕ್ಯಾಥರಿನ್ ಕಾಲುವೆಯ ದಂಡೆಯ ಮೇಲೆ ಹೊರಟಿದ್ದ ರಷ್ಯಾದ ದೊರೆ ಎರಡನೇ ಅಲೆಕ್ಸಾಂಡರನ ಸಾರೋಟಿಗೆ ಯುವಕನೊಬ್ಬ ಬಾಂಬು ಎಸೆದ. ಸಾರೋಟು ಗಟ್ಟಿಮುಟ್ಟಾಗಿತ್ತು, ದೊರೆ ಉಳಿದುಕೊಂಡ. ಗಾಯಗೊಂಡವರನ್ನು ನೋಡೋಣವೆಂದು ಕೆಳಗಿಳಿದ. ಅಲ್ಲೇ ಕಾಯುತ್ತಿದ್ದ ಇನ್ನೊಬ್ಬ ಅವನ ಕಾಲ ಬುಡಕ್ಕೇ ಎರಡನೇ ಬಾಂಬು ಎಸೆದ. ಅಂದೇ ಮಧ್ಯಾಹ್ನ ದೊರೆ ಸತ್ತ.

ಎಸೆದವರು 'ಜನರ ಇಚ್ಛೆ' ಎಂಬ ಅರ್ಥದ ಹೆಸರಿಟ್ಟುಕೊಂಡಿದ್ದ ನರೋದ್ನಾಯ ವೋಲ್ಯ ಗುಂಪಿನವರು. ಆಡಳಿತದಲ್ಲಿ ಜನರ ದನಿ ಬೇಕು ಎಂಬುದು ಅವರ ಬೇಡಿಕೆಗಳಲ್ಲೊಂದು. ಅದೇ ದಿನ ಬೆಳಗ್ಗೆ ದೊರೆ ಒಂದು ಕಡತಕ್ಕೆ ಒಪ್ಪಿಗೆ ಕೊಟ್ಟು ಬಂದಿದ್ದ. ಚುನಾಯಿತ ಪ್ರತಿನಿಧಿಗಳನ್ನು ಸಲಹೆಗೆ ಕರೆಯುವ, ಬಹಳ ಸಣ್ಣದಾದ ಆದರೆ ರಷ್ಯಾದ ಮಟ್ಟಿಗೆ ಹೊಸದಾದ ಯೋಜನೆ ಅದರಲ್ಲಿತ್ತು. ಪಟ್ಟಕ್ಕೆ ಬಂದ ಮಗ ಮೂರನೇ ಅಲೆಕ್ಸಾಂಡರ್ ಅದನ್ನು ಮೂಲೆಗೆಸೆದ. ಆಗಸ್ಟ್ ತಿಂಗಳಲ್ಲಿ ಅದರ ಬದಲಿಗೆ ಇನ್ನೊಂದು ಕಾನೂನು ಬಂತು. ಯಾರನ್ನು ಬೇಕಾದರೂ ವಿಚಾರಣೆಯಿಲ್ಲದೆ ಹಿಡಿದಿಡಬಹುದು, ಗಡೀಪಾರು ಮಾಡಬಹುದು, ಪತ್ರಿಕೆ ಮುಚ್ಚಿಸಬಹುದು. ಮೂರೇ ಮೂರು ವರ್ಷದ ಮಟ್ಟಿಗೆ ಎಂದು ಅದರಲ್ಲೇ ಬರೆದಿತ್ತು. ಮತ್ತೆ ಮತ್ತೆ ಮುಂದುವರಿಸುತ್ತಾ ಹೋಗಿ ಅದು ಬಾಳಿದ್ದು 1917ರವರೆಗೆ, ಸಾಮ್ರಾಜ್ಯವೇ ಕುಸಿದು ಬೀಳುವ ತನಕ.

ಭಯೋತ್ಪಾದನೆಯ ಚರಿತ್ರೆ ಎಂದರೆ ನಾವು ಗುಂಪುಗಳ ಹೆಸರು, ದಾಳಿಯ ದಿನಾಂಕ, ಸತ್ತವರ ಲೆಕ್ಕ ಓದುತ್ತೇವೆ. ಆದರೆ ದಾಳಿಯ ಮರುದಿನ ಬೆಳಗ್ಗೆ ಶುರುವಾಗುವ ಚರಿತ್ರೆಯೊಂದಿದೆ. ದಾಳಿಗಿಂತ ಅದರ ಆಯುಷ್ಯ ಹೆಚ್ಚು, ಅದರ ಏಟು ತಿಂದವರ ಸಂಖ್ಯೆಯೂ ಎಷ್ಟೋ ಸಲ ಹೆಚ್ಚು. ಈ ಬರಹ ಅದರ ಬಗ್ಗೆ.

ಪದದ ಹುಟ್ಟನ್ನು ಮೊದಲು ಹೇಳಿಬಿಡಬೇಕು. ಯುರೋಪಿನ ಭಾಷೆಗಳಲ್ಲಿ 'ಟೆರರಿಸಂ' ಎಂಬ ಮಾತು ಮೊದಲು ಅಂಟಿಕೊಂಡದ್ದು ಸರ್ಕಾರಕ್ಕೆ. 1793-94ರ ಫ್ರಾನ್ಸಿನಲ್ಲಿ, ಶಂಕೆ ಬಂದವರನ್ನೆಲ್ಲ ಹಿಡಿಯುವ ಕಾನೂನು ಮಾಡಿ ತಲೆ ಕಡಿಯುವ ಯಂತ್ರ ಗಿಲೊಟಿನ್ ಓಡಿಸಿದ ಕ್ರಾಂತಿ ಸರ್ಕಾರದ ಆಳ್ವಿಕೆಗೆ ಆ ಹೆಸರು ಬಂತು. ಸರ್ಕಾರದ ವಿರುದ್ಧ ನಿಂತ ಸಣ್ಣ ಗುಂಪುಗಳಿಗೆ ಅದು ವರ್ಗವಾದದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ. ಇವತ್ತಿಗೂ ಎಲ್ಲ ದೇಶಗಳೂ ಒಪ್ಪುವ ವ್ಯಾಖ್ಯಾನವಿಲ್ಲ. ವಿಶ್ವಸಂಸ್ಥೆ 1996ರಲ್ಲಿ ಒಂದು ಸಮಿತಿ ನೇಮಿಸಿತು, ಸಮಗ್ರ ಒಪ್ಪಂದದ ಕರಡು ಇನ್ನೂ ಚರ್ಚೆಯಲ್ಲೇ ಇದೆ. ಕೆಲಸಕ್ಕೆ ಬರುವ ಲಕ್ಷಣ ಮಾತ್ರ ಸರಳ. ಕೊಲ್ಲುವುದು ಕೈಗೆ ಸಿಕ್ಕವರನ್ನು, ಹೆದರಿಸಬೇಕಾಗಿರುವುದು ಬದುಕಿರುವ ಲಕ್ಷಾಂತರ ಜನರನ್ನು, ಬಗ್ಗಿಸಬೇಕಾಗಿರುವುದು ಸರ್ಕಾರವನ್ನು. ಸಣ್ಣ ಗುಂಪಿನ ಕೈಯಲ್ಲಿರುವ ಬಲ ಅತ್ಯಲ್ಪ. ಉಳಿದ ಬಲವನ್ನೆಲ್ಲ ಅದು ಏಟು ತಿಂದವರ ಕೋಪದಿಂದಲೇ ಪಡೆಯಬೇಕು.

ಡೇವಿಡ್ ರ್‍ಯಾಪೊಪೋರ್ಟ್ ಎಂಬ ವಿದ್ವಾಂಸರು ಆಧುನಿಕ ಭಯೋತ್ಪಾದನೆಯನ್ನು ನಾಲ್ಕು ಅಲೆಗಳಾಗಿ ನೋಡಿದರು: 1880ರ ಹೊತ್ತಿನ ಅರಾಜಕವಾದಿಗಳು, 1920ರ ನಂತರದ ವಸಾಹತು ವಿರೋಧಿಗಳು, 1960ರ ದಶಕದ ಎಡಪಂಥೀಯರು, 1979ರ ನಂತರದ ಧಾರ್ಮಿಕ ಗುಂಪುಗಳು. ಒಂದೊಂದು ಅಲೆಗೂ ಹೆಚ್ಚುಕಡಿಮೆ ಒಂದು ತಲೆಮಾರಿನ ಆಯುಷ್ಯ. ಗೆರೆಗಳು ಇಷ್ಟು ನೇರವಾಗಿಲ್ಲ, ನಿಜ. ಆದರೂ ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಸಿದ್ಧಾಂತ ಬದಲಾಗುತ್ತದೆ, ದಾಳಿಗೆ ಸಮಾಜ ಕೊಡುವ ಉತ್ತರ ಮಾತ್ರ ಹಳೆಯದೇ.

'ತಾತ್ಕಾಲಿಕ' ಎಂಬ ಮಾತನ್ನು ಹಿಡಿದು ಹೋದರೆ ಇದು ಕಾಣುತ್ತದೆ. ಪ್ಯಾರಿಸ್ಸಿನ ಸಂಸತ್ತಿನೊಳಗೆ 1893ರ ಡಿಸೆಂಬರ್ 9ರಂದು ಬಾಂಬು ಬಿತ್ತು. ಸದಸ್ಯರಿಗೆ ಗಾಯಗಳಾದವು, ಯಾರೂ ಸಾಯಲಿಲ್ಲ. 'ಮಹನೀಯರೇ, ಕಲಾಪ ಮುಂದುವರಿಯುತ್ತದೆ' ಎಂದು ಸಭಾಧ್ಯಕ್ಷರು ಹೇಳಿದ್ದು ಪ್ರಸಿದ್ಧವಾಯಿತು. ಆ ಧೈರ್ಯಕ್ಕೆ ಕೈ ಮುಗಿಯಬೇಕು. ಆದರೆ ಮೂರೇ ದಿನದಲ್ಲಿ ಅದೇ ಸದನ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ಮಾಡಿತು, ಮುಂದೆ ಇನ್ನೆರಡು ಸೇರಿದವು. ಅವುಗಳಲ್ಲಿ ಕೊನೆಯದು ರದ್ದಾದದ್ದು 1992ರಲ್ಲಿ. ಉತ್ತರ ಐರ್ಲೆಂಡಿನ ವಿಶೇಷಾಧಿಕಾರ ಕಾನೂನು 1922ರಲ್ಲಿ ಒಂದು ವರ್ಷಕ್ಕೆಂದು ಬಂದು, 1933ರಲ್ಲಿ ಕಾಯಂ ಆಗಿ, 1973ರವರೆಗೆ ಉಳಿಯಿತು. ಈಜಿಪ್ಟಿನಲ್ಲಿ ಅಧ್ಯಕ್ಷ ಅನ್ವರ್ ಸಾದತ್ ಹತ್ಯೆಯಾದ 1981ರಲ್ಲಿ ಹೇರಿದ ತುರ್ತುಸ್ಥಿತಿ ತೆರವಾದದ್ದು 2012ರಲ್ಲಿ. ಬ್ರಿಟನ್ನಿನ ಬರ್ಮಿಂಗ್ಹ್ಯಾಮ್‌ನಲ್ಲಿ 1974ರ ನವೆಂಬರ್ 21ರಂದು ಎರಡು ಪಬ್‌ಗಳಲ್ಲಿ ಬಾಂಬು ಸಿಡಿದು 21 ಮಂದಿ ಸತ್ತರು. ಎಂಟನೇ ದಿನ ಭಯೋತ್ಪಾದನೆ ತಡೆ ಕಾನೂನಿಗೆ ಅಂಕಿತ ಬಿತ್ತು. ಅದೂ ತಾತ್ಕಾಲಿಕವೇ. ಕಾಲು ಶತಮಾನದ ಮೇಲೆ ಅದು ಹೋದಾಗ ಅದರ ಜಾಗಕ್ಕೆ ಬಂದದ್ದು ಕಾಯಂ ಕಾನೂನು.

ಇವು ಯಾಕೆ ಹೋಗುವುದಿಲ್ಲ? ಕಾರಣ ಬರೀ ಅಧಿಕಾರದ ಆಸೆಯಲ್ಲ. ಒಂದು ಅಧಿಕಾರ ಕೈಗೆ ಬಂದ ಮೇಲೆ ಪೊಲೀಸರ ದಿನನಿತ್ಯದ ಕೆಲಸ ಅದರ ಸುತ್ತಲೇ ಬೆಳೆದುಕೊಳ್ಳುತ್ತದೆ. ಎರಡನೆಯದಾಗಿ, ಕಾನೂನು ತೆಗೆದ ಮರುವಾರವೇ ಇನ್ನೊಂದು ದಾಳಿಯಾದರೆ ಹೊಣೆ ಯಾರದು ಎಂಬ ಭಯ ಪ್ರತಿಯೊಬ್ಬ ಮಂತ್ರಿಗೂ ಇರುತ್ತದೆ. ಹೀಗಾಗಿ ನವೀಕರಣದ ದಿನ ಸದನ ಅರ್ಧ ಖಾಲಿ ಇರುತ್ತದೆ, ಕೈ ಎತ್ತಿ ಮುಗಿಸುತ್ತಾರೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಉಗ್ರರಿಗೆಂದು ಮಾಡಿದ ಕಾನೂನು ನಿಧಾನವಾಗಿ ಬೇರೆಯವರ ಮೇಲೆ ಹೊರಳುತ್ತದೆ. ದೆಹಲಿ ಮತ್ತು ಸುತ್ತಲ ರಾಜ್ಯಗಳಲ್ಲಿ ಟ್ರಾನ್ಸಿಸ್ಟರ್ ಬಾಂಬುಗಳು ಸಿಡಿದ 1985ರ ಮೇ ತಿಂಗಳಲ್ಲೇ ಭಾರತದಲ್ಲಿ ಬಂದ ಭಯೋತ್ಪಾದನೆ ತಡೆ ಕಾನೂನು ಟಾಡಾ ಎರಡು ವರ್ಷಕ್ಕೆಂದು ಹುಟ್ಟಿತ್ತು. ಪೊಲೀಸ್ ವರಿಷ್ಠಾಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯ ಎಂದು ಮುಂದೆ ಅದರಲ್ಲಿ ಸೇರಿತು. ಉಗ್ರ ಚಟುವಟಿಕೆ ಅಷ್ಟಾಗಿ ಇಲ್ಲದ ಗುಜರಾತಿನಲ್ಲೂ ಸಾವಿರಾರು ಬಂಧನಗಳಾದವು, ಶಿಕ್ಷೆ ಆದದ್ದು ತೀರಾ ಕೆಲವರಿಗೆ. 1995ರಲ್ಲಿ ಅದನ್ನು ಸಂಸತ್ತು ಮುಂದುವರಿಸಲಿಲ್ಲ, ಅವಧಿ ಮುಗಿದು ಸತ್ತಿತು. ಇಂಥ ದಿನಕ್ಕೆ ತಾನೇ ಮುಗಿಯಬೇಕೆಂಬ ಕಲಂ ಎಷ್ಟು ಮುಖ್ಯ ಎಂಬುದಕ್ಕೆ ಟಾಡಾ ಸಾಕ್ಷಿ. ಆ ಕಲಂ ಒಂದೇ ಸಾಲದು ಎಂಬುದಕ್ಕೆ ಆ ಹತ್ತು ವರ್ಷ ಜೈಲಿನಲ್ಲಿ ಕೊಳೆತವರೇ ಸಾಕ್ಷಿ.

ಹೊಸ ಕಾನೂನಿನ ಕರಡು ಬಂದಾಗ ಹೆಸರಿನ ಗತ್ತಿಗೆ ಮರುಳಾಗದೆ ಕೆಲವು ಸಾಲುಗಳನ್ನು ಹುಡುಕಿ ಓದಬೇಕು. ಆರೋಪಪಟ್ಟಿ ಇಲ್ಲದೆ ಎಷ್ಟು ದಿನ ಒಳಗಿಡಬಹುದು? ಬ್ರಿಟನ್ನಿನ 1974ರ ಕಾನೂನಿನಲ್ಲಿ ಅದು 7 ದಿನ. 2005ರಲ್ಲಿ ಸರ್ಕಾರ 90 ದಿನ ಕೇಳಿತು, ಸಂಸತ್ತು 322ಕ್ಕೆ 291 ಮತಗಳಿಂದ ತಿರಸ್ಕರಿಸಿ 28ಕ್ಕೆ ಇಳಿಸಿತು, ಆಮೇಲೆ 14ಕ್ಕೆ ಬಂತು. ಭಾರತದ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ) ಅಡಿ ಅದು 180 ದಿನಗಳವರೆಗೆ ಹೋಗಬಹುದು. ಜಾಮೀನು ಕೇಳುವಾಗ ನಿರಪರಾಧಿತ್ವ ತೋರಿಸುವ ಹೊರೆ ಯಾರ ಮೇಲೆ? ಪೊಲೀಸರ ಮುಂದಿನ ತಪ್ಪೊಪ್ಪಿಗೆ ನಡೆಯುತ್ತದೆಯೇ? ವರ್ಷಕ್ಕೊಮ್ಮೆ ಕಡತಗಳನ್ನೆಲ್ಲ ತೆರೆದು ನೋಡಿ ವರದಿ ಪ್ರಕಟಿಸುವ, ಸರ್ಕಾರದ ಹಂಗಿಲ್ಲದ ಪರಿಶೀಲಕರು ಇದ್ದಾರೆಯೇ? ಕಾನೂನು ಹದವಾಗಿದೆಯೋ ಇಲ್ಲವೋ ಎಂಬುದು ಈ ಸಾಲುಗಳಲ್ಲೇ ತಿಳಿಯುತ್ತದೆ.

ಅವಸರವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಮಂದಿಯನ್ನು ಕೊಂದವನ ಕೈಯಲ್ಲಿದ್ದದ್ದು ಪರವಾನಗಿ ಪಡೆದು ಕೊಂಡ ಬಂದೂಕುಗಳು. ಏಪ್ರಿಲ್ 10ರಂದು ಸಂಸತ್ತು 119ಕ್ಕೆ 1 ಮತದಿಂದ ಅಂಥ ಅರೆ-ಸ್ವಯಂಚಾಲಿತ ಬಂದೂಕುಗಳನ್ನು ನಿಷೇಧಿಸಿತು, ಹಣ ಕೊಟ್ಟು ಜನರಿಂದ ಹಿಂದಕ್ಕೆ ಪಡೆಯಿತು. ಅದರ ಗುರಿ ಕಿರಿದಾಗಿತ್ತು, ಒಂದು ವಸ್ತುವಿನ ಮೇಲಿತ್ತು. ಯಾವುದೇ ಸಮುದಾಯದ ಮೇಲೆ ಅದು ಬೀಳಲಿಲ್ಲ. ತದ್ವಿರುದ್ಧ ಉದಾಹರಣೆ ಅಮೆರಿಕದ್ದು. 2001ರ ಸೆಪ್ಟೆಂಬರ್ 11ರಂದು 2,977 ಜನ ಸತ್ತ ಮೂರನೇ ದಿನ, ಬಲಪ್ರಯೋಗಕ್ಕೆ ಅಧ್ಯಕ್ಷರಿಗೆ ಅನುಮತಿ ಕೊಡುವ ನಿರ್ಣಯ ಕೆಳಮನೆಯಲ್ಲಿ 420ಕ್ಕೆ 1 ಮತದಿಂದ ಪಾಸಾಯಿತು. ಅದರ ಮುಖ್ಯ ವಾಕ್ಯದಲ್ಲಿದ್ದದ್ದು 60 ಪದ. ಆ 60 ಪದಗಳನ್ನೇ ಆಧಾರ ಮಾಡಿಕೊಂಡು, ಆ ದಿನ ಹುಟ್ಟಿಯೇ ಇರದ ಗುಂಪುಗಳ ಮೇಲೂ ಅನೇಕ ದೇಶಗಳಲ್ಲಿ ದಾಳಿಗಳಾದವು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂಬ ನಮ್ಮ ಗಾದೆ ದೇಶಗಳಿಗೂ ಅನ್ವಯಿಸುತ್ತದೆ.

ಕೆಟ್ಟ ಪಟ್ಟಿ ಏನು ಮಾಡುತ್ತದೆ ಎಂಬುದನ್ನು ಕಲಿಯಬೇಕಾದರೆ ಉತ್ತರ ಐರ್ಲೆಂಡಿನ 1971ರ ಆಗಸ್ಟ್ 9ನ್ನು ನೋಡಬೇಕು. ಬೆಳಗಿನ ಜಾವ ಸೈನಿಕರು ಮನೆಗಳಿಗೆ ನುಗ್ಗಿ 342 ಮಂದಿಯನ್ನು ವಿಚಾರಣೆಯಿಲ್ಲದ ಬಂಧನಕ್ಕೆಂದು ಎಳೆದೊಯ್ದರು. ಕೈಯಲ್ಲಿದ್ದ ಪಟ್ಟಿ ಹಳತು. ಮಗನ ಹೆಸರಿಗೆ ಅಪ್ಪ ಸಿಕ್ಕಿಬಿದ್ದ, ಅಣ್ಣನ ಹೆಸರಿಗೆ ತಮ್ಮ. ಎಂದೋ ಹೋರಾಟ ಬಿಟ್ಟು ಮನೆಯಲ್ಲಿದ್ದ ಮುದುಕರೂ ಅದರಲ್ಲಿದ್ದರು. ಬ್ರಿಟಿಷ್ ಆಳ್ವಿಕೆ ಕೊನೆಗೊಳಿಸಲು ಶಸ್ತ್ರ ಹಿಡಿದಿದ್ದ ಐಆರ್‌ಎ ಗುಂಪಿನ ನಿಜವಾದ ಸದಸ್ಯರಲ್ಲಿ ಬಹುಪಾಲು ಜನಕ್ಕೆ ಸುಳಿವು ಮೊದಲೇ ಸಿಕ್ಕಿತ್ತು. ಅಂದು ಹಿಡಿದವರೆಲ್ಲ ಒಂದೇ ಕಡೆಯವರು. ಬ್ರಿಟನ್ ಪರವಾಗಿದ್ದ ಎದುರು ಕಡೆಯ ಹಿಂಸಾವಾದಿ ಗುಂಪಿನ ಒಬ್ಬನೂ ಇರಲಿಲ್ಲ. ನೂರಕ್ಕೂ ಹೆಚ್ಚು ಮಂದಿಯನ್ನು ಎರಡು ದಿನದಲ್ಲಿ ಬಿಟ್ಟುಬಿಡಬೇಕಾಯಿತು. ಕೆಲವರ ಮೇಲೆ ಐದು ವಿಧಾನಗಳನ್ನು ಪ್ರಯೋಗಿಸಿದರು: ತಲೆಗೆ ಮುಸುಕು, ಗೋಡೆಗೆ ಒರಗಿಸಿ ಗಂಟೆಗಟ್ಟಲೆ ನಿಲ್ಲಿಸುವುದು, ನಿಲ್ಲದ ಕರ್ಕಶ ಸದ್ದು, ನಿದ್ದೆಗೇಡು, ಅನ್ನ-ನೀರಿನ ಕೊರತೆ. ಫಲ? 1971ರಲ್ಲಿ ಹಿಂಸೆಗೆ ಸತ್ತವರು ಸುಮಾರು 180. 1972ರಲ್ಲಿ ಸುಮಾರು 480. ಆ ಬೀದಿಗಳ ಹುಡುಗರು ಐಆರ್‌ಎ ಬಾಗಿಲು ಹುಡುಕಿಕೊಂಡು ಹೋದರು. 1975ರಲ್ಲಿ ಆ ಬಂಧನ ಪದ್ಧತಿ ನಿಲ್ಲುವ ಹೊತ್ತಿಗೆ ಸುಮಾರು ಎರಡು ಸಾವಿರ ಜನ ಅದರೊಳಗೆ ಹೋಗಿ ಬಂದಿದ್ದರು.

ನ್ಯಾಯಾಲಯಕ್ಕೆ ಹೋದ ಮಾತ್ರಕ್ಕೆ ತಪ್ಪು ಆಗುವುದಿಲ್ಲ ಎಂದೂ ಇಲ್ಲ. ಬರ್ಮಿಂಗ್ಹ್ಯಾಮ್ ಬಾಂಬು ಪ್ರಕರಣದಲ್ಲಿ ಆರು ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. ಮುಖ್ಯ ಸಾಕ್ಷ್ಯ ಎರಡು, ಪೊಲೀಸ್ ಠಾಣೆಯ ತಪ್ಪೊಪ್ಪಿಗೆ ಮತ್ತು ಕೈಗಳ ಮೇಲೆ ನೈಟ್ರೊಗ್ಲಿಸರಿನ್ ಅಂಶ ಸಿಕ್ಕಿತೆಂಬ ರಾಸಾಯನಿಕ ಪರೀಕ್ಷೆ. ಅವರು ಆ ಸಂಜೆ ರೈಲಿನಲ್ಲಿ ಇಸ್ಪೀಟ್ ಆಡುತ್ತಾ ಹೋಗಿದ್ದರು. ಎಲೆಗಳ ಮೇಲಿನ ಲೇಪ ಮುಟ್ಟಿದ ಕೈಯೂ ಅದೇ ಪರೀಕ್ಷೆಯಲ್ಲಿ ಅದೇ ಬಣ್ಣ ಕೊಡುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ತಪ್ಪೊಪ್ಪಿಗೆ ಹೊಡೆದು ಬರೆಸಿದ್ದೆಂದು ಅವರು ಮೊದಲಿನಿಂದಲೂ ಹೇಳುತ್ತಿದ್ದರು. 1991ರ ಮಾರ್ಚ್ 14ರಂದು ಬಿಡುಗಡೆಯಾದಾಗ ಒಳಗೆ 16 ವರ್ಷ ಕಳೆದಿದ್ದರು. ಇದರ ಇನ್ನೊಂದು ಮುಖವನ್ನು ಯಾರೂ ಮರೆಯಬಾರದು. ನಿರಪರಾಧಿ ಒಳಗಿದ್ದ ಅಷ್ಟೂ ದಿನ, ಬಾಂಬಿಟ್ಟವನನ್ನು ಹುಡುಕುವವರು ಯಾರೂ ಇರಲಿಲ್ಲ. ಆ 21 ಮಂದಿಯ ಮನೆಯವರು ಇಂದಿಗೂ ಉತ್ತರಕ್ಕಾಗಿ ಕಾಯುತ್ತಿದ್ದಾರೆ.

ಹಾಗಾದರೆ ಫಲ ಕೊಟ್ಟದ್ದು ಏನು? ನೋಡಲು ಬಹಳ ಸಾದಾ ಕೆಲಸ. ಪೆರುವಿನ 'ಹೊಳೆಯುವ ಹಾದಿ' ಸಂಘಟನೆ 1980ರಿಂದ ದೇಶವನ್ನು ರಕ್ತದಲ್ಲಿ ಅದ್ದಿತ್ತು. ಸೈನ್ಯ ಬೆಟ್ಟದ ಹಳ್ಳಿಗಳಲ್ಲಿ ಸಾಮೂಹಿಕ ಕೊಲೆಗಳನ್ನು ಮಾಡುತ್ತಾ ಉತ್ತರ ಕೊಡುತ್ತಿತ್ತು. ಸತ್ಯಶೋಧನಾ ಆಯೋಗ 2003ರಲ್ಲಿ ಅಂದಾಜಿಸಿದಂತೆ ಸತ್ತವರು 69,280. ಅರ್ಧಕ್ಕಿಂತ ಹೆಚ್ಚು ಸಾವಿಗೆ ಸಂಘಟನೆ ಹೊಣೆ, ಉಳಿದುದರಲ್ಲಿ ದೊಡ್ಡ ಪಾಲಿಗೆ ಸರ್ಕಾರದ ಪಡೆಗಳು. ಸತ್ತ ಪ್ರತಿ ನಾಲ್ವರಲ್ಲಿ ಮೂವರು ಕೆಚುವಾದಂಥ ಬುಡಕಟ್ಟು ನುಡಿಯ ಬಡವರು. ಇದರ ನಡುವೆ 1990ರಲ್ಲಿ ರಾಜಧಾನಿ ಲಿಮಾದಲ್ಲಿ ಬೆರಳೆಣಿಕೆಯ ಪೊಲೀಸರ ತಂಡವೊಂದು ಬೇರೆ ದಾರಿ ಹಿಡಿಯಿತು. ಹಿಡಿಯುವುದಿಲ್ಲ, ಹೊಡೆಯುವುದಿಲ್ಲ, ಬರೀ ಹಿಂಬಾಲಿಸುವುದು, ಬರೆದಿಡುವುದು. ಒಬ್ಬನಿಂದ ಇನ್ನೊಬ್ಬನಿಗೆ ಹೋಗುತ್ತಾ ಒಂದು ನೃತ್ಯಶಾಲೆಯ ಮನೆಗೆ ಬಂದರು. ಕಸ ಒಯ್ಯುವವರ ವೇಷದಲ್ಲಿ ಆ ಮನೆಯ ಕಸದ ಚೀಲಗಳನ್ನು ತಂದು ಬಿಚ್ಚಿ ನೋಡಿದರು. ಅಲ್ಲಿ ಇರುವವರೆಂದು ಹೇಳಿದವರಿಗಿಂತ ಊಟದ ಅವಶೇಷ ಜಾಸ್ತಿ. ನಾಯಕ ಸೇದುತ್ತಿದ್ದ ವಿನ್‌ಸ್ಟನ್ ಸಿಗರೇಟಿನ ತುಂಡುಗಳು. ಅವನಿಗಿದ್ದ ಸೋರಿಯಾಸಿಸ್ ಚರ್ಮರೋಗದ ಮುಲಾಮಿನ ಖಾಲಿ ಟ್ಯೂಬುಗಳು. 1992ರ ಸೆಪ್ಟೆಂಬರ್ 12ರ ರಾತ್ರಿ ಮಹಡಿ ಮೇಲೆ ಕೂತಿದ್ದ ಅಬಿಮಾಯೆಲ್ ಗುಸ್ಮಾನ್‌ನನ್ನು ಯಾರ ಪ್ರಾಣವೂ ಹೋಗದಂತೆ ಹಿಡಿದರು. ಸಂಘಟನೆಯ ಬೆನ್ನೆಲುಬು ಅಲ್ಲಿಗೆ ಮುರಿಯಿತು.

ಇದು ಬಿಡಿ ಘಟನೆಯಲ್ಲ. 1968ರಿಂದ 2006ರವರೆಗಿನ 648 ಗುಂಪುಗಳನ್ನು ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿದಾಗ, ಕೊನೆಗೊಂಡ ಗುಂಪುಗಳಲ್ಲಿ 43 ಶೇಕಡ ರಾಜಕೀಯ ಪ್ರಕ್ರಿಯೆಗೆ ಸೇರಿ ಮುಗಿದಿದ್ದವು, 40 ಶೇಕಡ ಪೊಲೀಸ್ ಮತ್ತು ಸ್ಥಳೀಯ ಗುಪ್ತಚರ ಕೆಲಸದಿಂದ. ಸೈನ್ಯದ ಬಲದಿಂದ ಮುಗಿದವು 7 ಶೇಕಡ.

ದಾಳಿ ನಡೆಯುತ್ತಿರುವ ಗಂಟೆಯಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಜೀವ ಉಳಿಸುವುದು ಚೀಟಿ, ಫೋನು, ಬೀಗದ ಕೈ ಇಂಥವು. 2011ರ ಜುಲೈ 22ರ ಮಧ್ಯಾಹ್ನ 3:25ಕ್ಕೆ ನಾರ್ವೆಯ ರಾಜಧಾನಿ ಓಸ್ಲೋದ ಸರ್ಕಾರಿ ಕಚೇರಿಗಳ ಮುಂದೆ ಕಾರ್ ಬಾಂಬು ಸಿಡಿದು 8 ಮಂದಿ ಸತ್ತರು. ಪೊಲೀಸ್ ಉಡುಪಿನಲ್ಲಿ ಪಿಸ್ತೂಲು ಹಿಡಿದು ನಡೆದು ಹೋಗಿ ವ್ಯಾನ್ ಹತ್ತಿದವನನ್ನು ದಾರಿಹೋಕರೊಬ್ಬರು ನೋಡಿ, ವ್ಯಾನಿನ ನಂಬರ್ ಬರೆದುಕೊಂಡು, ಹತ್ತೇ ನಿಮಿಷದಲ್ಲಿ ಪೊಲೀಸರಿಗೆ ಫೋನ್ ಮಾಡಿ ತಿಳಿಸಿದರು. ಅದನ್ನು ಹಳದಿ ಚೀಟಿಯಲ್ಲಿ ಬರೆದು ಕಂಟ್ರೋಲ್ ರೂಮಿಗೆ ಕೊಟ್ಟರು. ಫೋನುಗಳ ಗದ್ದಲದಲ್ಲಿ ಚೀಟಿ ಮೇಜಿನ ಮೇಲೆ ಸುಮಾರು 20 ನಿಮಿಷ ಹಾಗೇ ಬಿದ್ದಿತ್ತು. ಕೊಲೆಗಾರ ಊಟೋಯ ದ್ವೀಪದತ್ತ ಗಾಡಿ ಓಡಿಸುತ್ತಿದ್ದ. ಅಲ್ಲಿ ಇನ್ನೂ 69 ಮಂದಿಯನ್ನು ಕೊಂದ, ಹೆಚ್ಚಿನವರು ಹದಿಹರೆಯದವರು. ಜುಲೈ ರಜೆಯಾದ್ದರಿಂದ ಪೊಲೀಸ್ ಹೆಲಿಕಾಪ್ಟರ್ ಸಿಬ್ಬಂದಿ ಇರಲಿಲ್ಲ. ವಿಶೇಷ ಪಡೆಯವರು ಹತ್ತಿದ ರಬ್ಬರ್ ದೋಣಿ ಭಾರ ಹೆಚ್ಚಾಗಿ ನೀರು ನುಗ್ಗಿ ಎಂಜಿನ್ ನಿಂತುಹೋಯಿತು. ಬಾಂಬು ಸಿಡಿದ ರಸ್ತೆಯನ್ನು ವಾಹನಗಳಿಗೆ ಮುಚ್ಚಬೇಕೆಂದು 2004ರಲ್ಲೇ ತೀರ್ಮಾನವಾಗಿತ್ತು, ಮುಚ್ಚಿರಲಿಲ್ಲ.

ಇದೆಲ್ಲ ನಮಗೆ ಗೊತ್ತಿರುವುದು ನಾರ್ವೆಯೇ ನೇಮಿಸಿದ ಆಯೋಗ ಸುಮಾರು ಒಂದು ವರ್ಷದಲ್ಲಿ ಎಲ್ಲವನ್ನೂ ನಿಮಿಷಗಳ ಲೆಕ್ಕದಲ್ಲಿ ಬರೆದು ಪ್ರಕಟಿಸಿದ್ದರಿಂದ. ಮ್ಯಾಂಚೆಸ್ಟರ್‌ನಲ್ಲಿ 2017ರ ಮೇ 22ರಂದು ಸಂಗೀತ ಕಾರ್ಯಕ್ರಮದ ಕೊನೆಗೆ ಬಾಂಬು ಸಿಡಿದು 22 ಮಂದಿ ಸತ್ತಾಗಿನ ವಿಚಾರಣೆಯೂ ಹಾಗೇ. ಅಗ್ನಿಶಾಮಕ ದಳ ಬಂದದ್ದು ಎರಡು ಗಂಟೆ ಕಳೆದ ಮೇಲೆ, ಯಾಕೆಂದರೆ ಬಂದೂಕುಧಾರಿ ಒಳಗಿರಬಹುದೆಂಬ ತಪ್ಪು ತಿಳಿವಳಿಕೆಯಿಂದ ಅವರನ್ನು ದೂರ ನಿಲ್ಲಿಸಿದ್ದರು. ಸ್ಟ್ರೆಚರ್ ಇಲ್ಲದೆ ಜನ ಜಾಹೀರಾತು ಫಲಕ, ಬೇಲಿಯ ಕಬ್ಬಿಣದ ಚೌಕಟ್ಟುಗಳ ಮೇಲೆ ಗಾಯಾಳುಗಳನ್ನು ಹೊತ್ತು ತಂದರು. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಮೂವರ ಮುಖ್ಯಸ್ಥರೂ ಮೊದಲ ನಿಮಿಷಗಳಲ್ಲೇ ಒಂದೇ ಕಡೆ ಮುಖಾಮುಖಿ ನಿಲ್ಲಬೇಕೆಂಬ ನಿಯಮ ಕಾಗದದಲ್ಲಿತ್ತು, ಆ ರಾತ್ರಿ ನೆಲದ ಮೇಲೆ ನಡೆಯಲಿಲ್ಲ. ಮಾಸ್ಕೋ ನಾಟಕಮಂದಿರದಲ್ಲಿ 2002ರಲ್ಲಿ ಸತ್ತ ಸುಮಾರು 130 ಒತ್ತೆಯಾಳುಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಸತ್ತದ್ದು ಬಿಡಿಸಲು ಬಂದವರು ಬಿಟ್ಟ ಅನಿಲದಿಂದ. ಅದು ಯಾವುದೆಂದು ವೈದ್ಯರಿಗೆ ಹೇಳಿರಲಿಲ್ಲ. ಎಚ್ಚರ ತಪ್ಪಿದವರನ್ನು ಅಂಗಾತ ಮಲಗಿಸಿದ್ದರು, ಉಸಿರು ಕಟ್ಟಿತು. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು.

ಸಾಮಾನ್ಯ ಜನರ ಕೈಯಲ್ಲಿರುವ ಕೆಲಸವೂ ಉಂಟು. ಕೈಕಾಲಿನ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ, ಆಂಬುಲೆನ್ಸ್ ಅಷ್ಟರಲ್ಲಿ ಬರುವುದಿಲ್ಲ. ಗಾಯದ ಮೇಲೆ ಬಟ್ಟೆ ಒತ್ತಿ, ಮೈಭಾರ ಹಾಕಿ ಹಿಡಿಯಬೇಕು. ನಿಲ್ಲದಿದ್ದರೆ ಗಾಯಕ್ಕಿಂತ 5-7 ಸೆಂಟಿಮೀಟರ್ ಮೇಲೆ, ಕೀಲಿನ ಮೇಲಲ್ಲ, ಟೂರ್ನಿಕೆ ಪಟ್ಟಿ ಕಟ್ಟಿ ರಕ್ತ ನಿಲ್ಲುವವರೆಗೆ ತಿರುಚಬೇಕು. ಗಾಯಾಳು ನೋವಿಗೆ ಚೀರುತ್ತಾರೆ, ಸಡಿಲಿಸಬಾರದು. ಕಟ್ಟಿದ ಸಮಯವನ್ನು ಕಾಣುವಂತೆ ಬರೆದಿಡಬೇಕು. ತೆಳು ದಾರ, ತಂತಿ ಕಟ್ಟಿದರೆ ಚರ್ಮ ಸೀಳುತ್ತದೆ, ರಕ್ತ ನಿಲ್ಲುವುದಿಲ್ಲ. 2013ರ ಬಾಸ್ಟನ್ ಮ್ಯಾರಥಾನ್ ಬಾಂಬಿನಲ್ಲಿ 260ಕ್ಕೂ ಹೆಚ್ಚು ಜನ ಗಾಯಗೊಂಡರು, ಹಲವರು ಕಾಲು ಕಳೆದುಕೊಂಡರು. ಜೀವಂತ ಆಸ್ಪತ್ರೆ ಮುಟ್ಟಿದ ಒಬ್ಬರೂ ಸಾಯಲಿಲ್ಲ. ಅದರಲ್ಲಿ ದಾರಿಯ ಮೇಲಿದ್ದವರ ಕೈಗಳ ಪಾಲು ದೊಡ್ಡದು.

ನೋವುಂಡವರಿಗೆ ಹಣ ಬೇಗ ಸಿಗಬೇಕು. ಫ್ರಾನ್ಸ್ 1986ರಲ್ಲಿ ಇದಕ್ಕೊಂದು ನಿಧಿ ಮಾಡಿ, ಆಸ್ತಿ ವಿಮೆಯ ಪ್ರತಿ ಪಾಲಿಸಿಯ ಮೇಲೂ ಸಣ್ಣ ವಂತಿಗೆ ಹಾಕಿತು. ತೀರ್ಪಿಗೆ ಕಾಯದೆ ಮುಂಗಡ ಕೊಡುತ್ತದೆ. ಆದರೆ ಹಣದಷ್ಟೇ ಅವರು ಕೇಳುವುದು ತಮ್ಮವರ ಹೆಸರು ಗಟ್ಟಿಯಾಗಿ ಹೇಳುವುದನ್ನು. ಓಸ್ಲೋ ವಿಚಾರಣೆಯಲ್ಲಿ 77 ಮಂದಿಯ ಮರಣೋತ್ತರ ವರದಿಯನ್ನೂ ಒಂದೊಂದಾಗಿ ಓದಿದರು. ಪ್ರತಿಯೊಂದರ ನಂತರ ಸತ್ತವರ ಫೋಟೊ ಪರದೆಯ ಮೇಲೆ ಬರುತ್ತಿತ್ತು, ಅವರು ಏನಾಗಿದ್ದರು, ಏನು ಇಷ್ಟಪಡುತ್ತಿದ್ದರು ಎಂದು ಮನೆಯವರ ಮಾತಿನಲ್ಲಿ ಕೆಲವು ಸಾಲು ಓದುತ್ತಿದ್ದರು. ಕೊಂದವನು ಅಲ್ಲೇ ಕೂತು ಕೇಳಬೇಕಿತ್ತು.

ಉತ್ತರ ಐರ್ಲೆಂಡಿನ ಒಮಾಗ್ ಪಟ್ಟಣದಲ್ಲಿ 1998ರ ಆಗಸ್ಟ್ 15ರ ಶನಿವಾರ, ಶಾಂತಿ ಒಪ್ಪಂದಕ್ಕೆ ನಾಲ್ಕು ತಿಂಗಳು ತುಂಬಿದ ಮೇಲೆ, ಫೋನಿನಲ್ಲಿ ಬಂದ ಎಚ್ಚರಿಕೆ ಕೋರ್ಟ್ ಕಟ್ಟಡದ ಹೆಸರು ಹೇಳಿತ್ತು. ಪೊಲೀಸರು ಜನರನ್ನು ಅಲ್ಲಿಂದ ಎಬ್ಬಿಸಿ ರಸ್ತೆಯ ಇನ್ನೊಂದು ತುದಿಗೆ ಕಳಿಸಿದರು. ಬಾಂಬಿನ ಕಾರು ನಿಂತಿದ್ದದ್ದು ಆ ತುದಿಯಲ್ಲೇ. 29 ಜನ ಸತ್ತರು, ಒಬ್ಬ ತಾಯಿಯ ಹೊಟ್ಟೆಯಲ್ಲಿ ಅವಳಿಗಳಿದ್ದವು. ಸಂಸತ್ತನ್ನು ರಜೆಯಿಂದ ಕರೆಸಿ ಎರಡೇ ದಿನದಲ್ಲಿ ಹೊಸ ಕಾನೂನು ಪಾಸು ಮಾಡಿದರು, ಸೆಪ್ಟೆಂಬರ್ 4ರಂದು ಅಂಕಿತ ಬಿತ್ತು. ಇದನ್ನು ತಡೆಯಬಹುದಿತ್ತೇ ಎಂದು ಕೇಳುವ ಸಾರ್ವಜನಿಕ ವಿಚಾರಣೆಗೆ ಆ ಮನೆಗಳವರು ಕೋರ್ಟಿನಿಂದ ಕೋರ್ಟಿಗೆ ಅಲೆದರು. ವಿಚಾರಣೆ ಸ್ಥಾಪನೆಯಾದದ್ದು 2024ರಲ್ಲಿ. 2025ರ ಜನವರಿ ಕೊನೆಗೆ ಅದು ಒಮಾಗ್‌ನಲ್ಲೇ ಕೂತು, ಸತ್ತ ಒಬ್ಬೊಬ್ಬರ ಬಗ್ಗೆ ಮನೆಯವರು ಹೇಳುವುದನ್ನು ಕೇಳಲು ಶುರುಮಾಡಿತು. ಅಷ್ಟರಲ್ಲಿ 26 ವರ್ಷ ಕಳೆದಿತ್ತು.